ಶಿಬಿರಕ್ಕೆ ಬಂದ ಗಿರಣಿ ಅಕ್ಕ

ಮೊನ್ನೆ ಹೊಸಪೇಟೆಯ ಸಂದಿಯೊಂದರಲ್ಲಿ ನಡೆದು ಬರುವಾಗ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ಗಿರಣಿ ಅಕ್ಕನ ಸೆರಗಿಗೆ ಸದಾ ಇದೇ ವಾಸನೆ…

ಸಂಡೂರಿನ ಕಡೆಯ ನಮ್ಮ ಊರಲ್ಲಿ ಅವರದು ರಸ್ತೆ ಬದಿಯ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಯಂತ್ರದ ಸದ್ದಿನ ನಡುವೆ ಮಾತಾಡಿ ಮಾತಾಡಿ, ಅವರು ಗುಟ್ಟು ಹೇಳಿದರೂ ನೆರೆಮನೆಗೆ ಕೇಳುತ್ತಿತ್ತು. ಅದು ಅದಿರಿನ ಲಾರಿಗಳ ಕಾಲ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದರೂ ಅದಿರಿನ ದೂಳಿಗೆ ಹಿಟ್ಟು ಕೆಂಪಗಾಗುತ್ತಿತ್ತು. ಆ ವರ್ಷ ಎದುರುಮನೆಯ ಹುಡುಗಿ ಶಾಲೆಯಿಂದ ಬರುವಾಗ ಲಾರಿಗೆ ಸಿಕ್ಕು ಒಂದು ಕಾಲು ಕಳೆದುಕೊಂಡಳು.

ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಕಡ್ಡಿರಾಂಪುರದಲ್ಲಿ ಯುವಜನರಿಗೆ ನಾಯಕತ್ವ ಶಿಬಿರವಿದೆ, ಒಂದು ವಾರ ಅಲ್ಲೇ ಉಳಿಯಬೇಕು ಎಂದು ಕೇಳಿ ಆಸೆಯಾಯಿತು. ಪ್ರತಿಯೊಬ್ಬರಿಗೂ ಶುಲ್ಕ ಕಟ್ಟುವ ಒಬ್ಬ ಪ್ರಾಯೋಜಕರು ಬೇಕಿತ್ತು. ಹುಡುಗರಿಗೆಲ್ಲ ಗಣಿ ಗುತ್ತಿಗೆದಾರರು ಸಿಕ್ಕರು. ನನಗೆ ಗಿರಣಿ ಅಕ್ಕ ನಿಂತರು. “ಹೆಣ್ಣುಡುಗಿ ವಾರಗಟ್ಲೆ ಹೊರಗಿರೋದು ಬ್ಯಾಡ” ಎಂದು ಅಪ್ಪ ಅಡ್ಡ ಬಂದಾಗ ಅಕ್ಕ ಗಿರಣಿಗೆ ಬೀಗ ಹಾಕಿಯೇಬಿಟ್ಟರು.

“ನಾನೂ ಹೋಗ್ತೀನಿ. ಈಗೇನಂತೀರಿ?”

ಶಿಬಿರದ ಸಂಘಟಕರು ನಕ್ಕರು. “ಇದು ಯುವಕರಿಗೆ ಇರೋದಮ್ಮ.”

“ರೊಕ್ಕ ಕೊಡಾಕ ನನ್ನ ವಯಸ್ಸು ನಡೀತದ, ಕುಂದ್ರಾಕ ನಡ್ಯಂಗಿಲ್ಲೇನ್ರಿ?” ಎಂದು ಅಕ್ಕ ಮುಂದಿನ ಸಾಲಲ್ಲೇ ಕೂತರು.

ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಗೆಳೆಯರು ಹಿಡಿಯಬೇಕು ಎಂಬುದೊಂದು ಆಟವಿತ್ತು. ಅಕ್ಕ ಬಿದ್ದಾಗ ಹಿಡಿಯಲು ಬಂದ ಹುಡುಗರೂ ಅವರ ಜೊತೆಗೇ ಮಣ್ಣಿಗೆ ಬಿದ್ದರು. ಅಂದಿನಿಂದ ಅವರು ಶಿಬಿರಕ್ಕೆಲ್ಲ ಅಕ್ಕ.

ಕೊನೆಯ ದಿನ ಮುಖ್ಯ ಅತಿಥಿಯಾಗಿ ಬಂದವರು ಒಬ್ಬ ಗಣಿ ಮಾಲೀಕರು. ಅವರ ಯಶಸ್ಸಿನ ಗುಟ್ಟೇನೆಂದು ಕೇಳಬೇಕು ಎಂದು ಸಂಘಟಕರು ನನಗೆ ಮೊದಲೇ ಹೇಳಿಕೊಟ್ಟಿದ್ದರು. ಎದ್ದು ನಿಂತೆ. ಎದುರುಮನೆಯ ಹುಡುಗಿ ಕಣ್ಣ ಮುಂದೆ ಬಂದಳು.

“ಶಾಲಿ ಬಿಡೋ ಹೊತ್ನಾಗಾದ್ರೂ ನಿಮ್ಮ ಲಾರಿ…”

ಅಷ್ಟರಲ್ಲಿ ಮೈಕ್ ಸತ್ತಿತು. ಯಾರೋ ಆರಿಸಿದ್ದರು. ಆಗ ಪಕ್ಕದಲ್ಲಿದ್ದ ಅಕ್ಕ ಎದ್ದರು.

“ಶಾಲಿ ಬಿಡೋ ಹೊತ್ನಾಗಾದ್ರೂ ನಿಮ್ಮ ಲಾರಿ ನಿಲ್ಲಿಸ್ತೀರೇನ್ರಿ ಅಂತ ಕೇಳಾಕತ್ಯಾಳ. ಉತ್ತರ ಹೇಳಿ ಹೋಗ್ರಿ!”

ಆ ದನಿಗೆ ಮೈಕ್ ಯಾತಕ್ಕೆ? ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು. ಅತಿಥಿ ಎದ್ದು ಹೋದರು. ನಮ್ಮಿಬ್ಬರಿಗೂ ಪ್ರಮಾಣಪತ್ರ ಕೊಡಲಿಲ್ಲ. ಬಸ್ಸಿನಲ್ಲಿ ನಾನು ಅಳುತ್ತ ಕೂತಿದ್ದೆ.

“ಅಳಬ್ಯಾಡ ಲೇ. ಕಾಗದ ಕೊಡ್ಲಿಲ್ಲ ಅಂತ ಕಲ್ತದ್ದು ವಾಪಸ್ ಕೊಡಬೇಕೇನು?” ಅಂದರು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಮರುವಾರ ಶಾಲೆ ಬಿಡುವ ಹೊತ್ತಿಗೆ ನಾವಿಬ್ಬರೂ ರಸ್ತೆಗೆ ಅಡ್ಡ ನಿಂತೆವು. ಡ್ರೈವರುಗಳು ಹಾರ್ನ್ ಬಡಿದರು, ಬೈದರು. ಅಕ್ಕ ಅವರಿಗಿಂತ ಜೋರಾಗಿ ಬೈದರು. ಮರುದಿನ ಆ ಹುಡುಗಿಯ ತಾಯಿ ಬಂದಳು, ಆಮೇಲೆ ಓಣಿಯೇ ಬಂತು. ಶಿಬಿರದಲ್ಲಿ ಅಕ್ಕನ ಜೊತೆ ಮಣ್ಣಿಗೆ ಬಿದ್ದ ಹುಡುಗರಲ್ಲೂ ಕೆಲವರು ಬಂದರು. ಕೊನೆಗೆ ಆ ಹೊತ್ತಿನಲ್ಲಿ ಲಾರಿಗಳು ಊರ ಹೊರಗೇ ನಿಲ್ಲತೊಡಗಿದವು.

ಆದರೆ ಗಿರಣಿ ಇದ್ದ ಕಟ್ಟಡದ ಮಾಲೀಕನ ಕಿವಿಯಲ್ಲಿ ಯಾರೋ ಏನೋ ಊದಿದರು… ಅಕ್ಕ ಜಾಗ ಖಾಲಿ ಮಾಡಬೇಕಾಯಿತು. ಕಂಪ್ಲಿಯಲ್ಲಿದ್ದ ತಮ್ಮನ ಮನೆಗೆ ಹೊರಟ ದಿನ, ಗಿರಣಿಯ ಕಲ್ಲುಗಳನ್ನು ಟೆಂಪೋಕ್ಕೆ ಏರಿಸುತ್ತ, “ಕಟ್ಟಡ ಅವ್ರದು, ಕಲ್ಲು ನಂದು. ಎಲ್ಲಿಟ್ರೂ ಬೀಸ್ತದ” ಅಂದರು. ಕಣ್ಣಲ್ಲಿ ನೀರಿರಲಿಲ್ಲ. ಅತ್ತದ್ದು ನಾನೇ.

ಕಂಪ್ಲಿಯಲ್ಲೂ ಗಿರಣಿ ಹಾಕಿದರು. ನಾನು ಪಂಚಾಯಿತಿ ಸದಸ್ಯೆಯಾದ ಮೇಲೆ, ಸಭೆಯಲ್ಲಿ ಜಗಳವಾದಾಗಲೆಲ್ಲ ಅವರಲ್ಲಿಗೆ ಹೋಗಿ ಎಲ್ಲ ಹೇಳಿ ಹಗುರಾಗಿ ಬರುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು…

ಮೊನ್ನೆ ಆ ಸಂದಿಯಿಂದ ಹೊಸಪೇಟೆಯ ಬಸ್ ಸ್ಟ್ಯಾಂಡಿಗೆ ಬಂದಾಗ ಕಂಪ್ಲಿ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ನನ್ನನ್ನು ನೋಡಿ, “ಬರ್ರಿ ಅಕ್ಕಾರ, ಜಲ್ದಿ ಹತ್ರಿ” ಎಂದು ಕೂಗಿದ. ಅಲ್ಲಿ ನನಗೆ ಇನ್ನು ಯಾರೂ ಇಲ್ಲ. ಮರುದಿನ ಊರಲ್ಲಿ ಪಂಚಾಯಿತಿ ಸಭೆಯಿತ್ತು, ಈ ಸಲ ಬಾಯಿ ಮುಚ್ಚಿಕೊಂಡಿರು ಎಂದು ಇಬ್ಬರು ಫೋನು ಮಾಡಿ ಹೇಳಿದ್ದರು. ನಾನು ಸಂಡೂರಿನ ಬಸ್ಸು ಹತ್ತಿದೆ.