ಅಕ್ಕೋರ ಬೆರಳಿನ ಭಾರ

ಟೈಪಿಂಗ್ ಕಲಿಸುತ್ತಿದ್ದ ಅಕ್ಕೋರ ಎಡಗೈ ಕಿರುಬೆರಳು ಹೊರಗಡೆಗೆ ಸೊಟ್ಟಗೆ ಬಾಗಿತ್ತು. ಹುಟ್ಟಿನಿಂದ ಬಂದ ಸೊಟ್ಟಲ್ಲ. ಹಳೆಯ ಕಬ್ಬಿಣದ ಟೈಪ್‌ರೈಟರಿನಲ್ಲಿ ಶಿಫ್ಟ್ ಕೀ ಒತ್ತುವುದೆಂದರೆ ಒಳಗಿನ ಅರ್ಧ ಯಂತ್ರವನ್ನೇ ಎತ್ತಿದಂತೆ. ವರ್ಷಗಟ್ಟಲೆ ಅದನ್ನು ಎತ್ತಿದ ಬೆರಳು ಅದು. ಉಳಿದ ಬೆರಳುಗಳ ತುದಿ ಚಪ್ಪಟೆ, ಉಗುರು ಮಾಂಸದ ಅಂಚಿನವರೆಗೆ ಕತ್ತರಿಸಿದ್ದು. ಎರಡೂ ಕೈಯಲ್ಲಿ ಚಹಾದ ಕಪ್ಪು ಹಿಡಿದು ಕೂತಾಗಲೂ ಆ ಕಿರುಬೆರಳು ಮಾತ್ರ ಉಳಿದವುಗಳ ಜೊತೆ ಸೇರದೆ ಬೇರೆಯಾಗಿ ನಿಂತಿರುತ್ತಿತ್ತು.

ಧಾರವಾಡದ ಪೇಟೆಯಲ್ಲಿ, ಔಷಧದ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಟೈಪಿಂಗ್ ಕ್ಲಾಸು. ಹತ್ತಿ ವ್ಯಾಪಾರದ ಸ್ಥಿತಿವಂತ ಮನೆತನದಿಂದ ಬಂದವರು. ಲಗ್ನ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಅಲ್ಲಿ ಕಲಿಯುತ್ತಿದ್ದ ನಮಗೆ ಯಾರಿಗೂ ಇರಲಿಲ್ಲ. ಕ್ಲಾಸು ನಡೆಯುವಾಗ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡರೆ ಕೆಟ್ಟಿತು. ಸಪ್ಪಳದಲ್ಲೇ ತಪ್ಪು ಹಿಡಿಯುತ್ತಿದ್ದರು.

"ಮೂಲ್ಯಾಗಿನ ಹುಡುಗಿ, ನಿನ್ನ ಉಂಗುರ ಬೆರಳು ಅಂಜಾಕತ್ತೇತಿ. ಬಡಿ ಅದನ್ನ, ಏನೂ ಆಗಂಗಿಲ್ಲ."

ಒತ್ತಕ್ಷರದ ವಿಷಯದಲ್ಲಂತೂ ದಯೆ ದಾಕ್ಷಿಣ್ಯ ಇಲ್ಲ. ಒಂದು ಒತ್ತು ಬಿಟ್ಟರೆ ಇಡೀ ಪುಟ ಮೊದಲಿನಿಂದ. "ಒತ್ತು ಇಲ್ಲದ ಶಬ್ದ ಕುಂಟತೈತಿ. ಕುಂಟೋ ಶಬ್ದಾನ ಮಂದೀ ಮುಂದ ಕಳಸಬ್ಯಾಡ್ರಿ" ಎನ್ನುತ್ತಿದ್ದರು.

ನನ್ನಪ್ಪ ಹುಬ್ಬಳ್ಳಿಯಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ, ಕಡೆಗಾಲದಲ್ಲಿ ಕೀಬೋರ್ಡುಗಳನ್ನೂ. ಅವನು ತೀರಿಕೊಂಡ ಮೇಲೆ ಅವ್ವ ಅಂಗಡಿ ಬಿಟ್ಟುಕೊಡಲು ನಿರ್ಧರಿಸಿದ್ದಳು. ಸಾಮಾನು ಕಟ್ಟಲು ನಾನು ಬಾಗಿಲು ತೆರೆದಿದ್ದ ದಿನವೇ ಅಕ್ಕೋರು ಬಂದರು. ಕಂಕುಳಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕಂಪ್ಯೂಟರ್ ಕೀಬೋರ್ಡು. ಆಗ ಕ್ಲಾಸಿಗೆ ಕಂಪ್ಯೂಟರುಗಳು ಬಂದಿದ್ದವು. ಟೈಪ್‌ರೈಟರಿನ ಮೇಲೆ ಪಳಗಿದ ಅವರ ಹೊಡೆತಕ್ಕೆ ಆ ಪ್ಲಾಸ್ಟಿಕ್ ಕೀಗಳು ವರ್ಷ ಕೂಡ ತಡೆಯುತ್ತಿರಲಿಲ್ಲ.

"ಅಪ್ಪ ಇಲ್ಲರಿ ಅಕ್ಕೋರ" ಎಂದೆ.

"ಗೊತ್ತೈತಿ ತಂಗಿ. ನೀ ಇದ್ದೀಯಲ್ಲ."

"ನನಗೇನೂ ತಿಳಿಯಂಗಿಲ್ಲರಿ."

"ಬಿಚ್ಚು. ಬಿಚ್ಚಿದ ಮ್ಯಾಲೆ ತಿಳಿತೈತಿ."

ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ನಾನು ಸ್ಕ್ರೂ ಬಿಚ್ಚಿದೆ. ಒಳಗೆ ರಬ್ಬರಿನ ಹಾಳೆ. ಒಂದೊಂದು ಕೀಯ ಕೆಳಗೆ ಒಂದೊಂದು ಬುಗುಟು. ಅಕ್ಕೋರು ಹೆಚ್ಚು ಹೊಡೆಯುತ್ತಿದ್ದ ಕೀಗಳ ಕೆಳಗಿನ ಬುಗುಟುಗಳು ಹರಿದಿದ್ದವು. ಅಪ್ಪನ ಡಬ್ಬಿಯಲ್ಲಿದ್ದ ಇನ್ನೊಂದು ಹಾಳೆಯಿಂದ ಬುಗುಟು ಕತ್ತರಿಸಿ ಕೂರಿಸಿದೆ. ಕೀ ಮತ್ತೆ ಮೇಲಕ್ಕೆ ಪುಟಿಯಿತು. ಅಕ್ಕೋರು ಹೊಗಳಲಿಲ್ಲ. "ಎಲ್ಲಾರೂ ಇದನ್ನ ಒಗದು ಹೊಸಾದು ತಗೋಳಾಕತ್ತಾರ. ನೀ ಇದನ್ನ ಛಲೋತ್ನಂಗ ಕಲತರ ಅವ್ರೆಲ್ಲ ನಿನ್ನ ಕಡೆ ಬರತಾರ" ಎಂದು ಹೇಳಿ ಎದ್ದರು. ಅಂಗಡಿ ಉಳಿಯಿತು. ಈಗ ಅದು ವಿದ್ಯಾನಗರದಲ್ಲಿದೆ. ಕೀಬೋರ್ಡು, ಮೌಸುಗಳ ಮಾರಾಟ ಮತ್ತು ರಿಪೇರಿ. ನಾನು ಉಣ್ಣುತ್ತಿರುವ ಅನ್ನ ಅಂದಿನ ಆ ಸ್ಟೂಲಿನ ಮೇಲಿಂದ ಶುರುವಾದದ್ದು.

ಮುಂದೆ ಕ್ಲಾಸಿಗೆ ಬರುವವರು ಕಡಿಮೆಯಾದರು. ಕೊರೋನಾ ವರ್ಷದಲ್ಲಿ ಹಾಕಿದ ಬಾಗಿಲನ್ನು ಅಕ್ಕೋರು ಮತ್ತೆ ತೆರೆಯಲಿಲ್ಲ. ಕೆಲಗೇರಿಯ ತಮ್ಮ ಚಿಕ್ಕ ಮನೆಯಲ್ಲಿ ಒಬ್ಬರೇ ಉಳಿದರು. ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ಒಂದು ಸುತ್ತು, ಆಮೇಲೆ ಲಿಂಗಪೂಜೆ, ಮಧ್ಯಾಹ್ನ ಯಾರದಾದರೂ ಬರಹವನ್ನು ಟೈಪು ಮಾಡಿಕೊಡುವುದು. ಫೋನಿನಲ್ಲಿ ಅವರ ಮಾತು ಸ್ವಲ್ಪ ತೊದಲುತ್ತಿದೆ ಎಂದು ನನಗೆ ಅನ್ನಿಸಿತ್ತು. ಕೇಳಿದರೆ "ಹಲ್ಲು ಕಟ್ಟಿಸೇನಿ" ಎಂದಿದ್ದರು.

ಒಂದು ದಿನ ಅಂಗಡಿಗೆ ಬಂದು, ಏನೂ ಮಾತಾಡದೆ, ಗಲ್ಲಾ ಮೇಜಿನ ಮೇಲಿದ್ದ ನನ್ನ ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಹೊಡೆದರು: "ದನಿ ಹೋತು. ಗಟ್ಟಿ ಕೀಬೋರ್ಡ್ ಒಂದು ಕೊಡು."

ನಾನು ತೆರೆಯನ್ನೂ ಅವರ ಮುಖವನ್ನೂ ನೋಡಿದೆ. ನರಗಳು ಒಂದೊಂದಾಗಿ ಸೋಲುತ್ತಿವೆ, ಮೊದಲು ಗಂಟಲು ಸೋತಿದೆ, ಇನ್ನು ಮುಂದೆ ಕುತ್ತಿಗೆ, ಕೈ ಎಂದು ಡಾಕ್ಟರು ಹೇಳಿದ್ದನ್ನೂ ಅಲ್ಲಿಯೇ ಹೊಡೆದು ತೋರಿಸಿದರು. ಒಂದು ಒತ್ತೂ ತಪ್ಪಿರಲಿಲ್ಲ. ಗಿರಾಕಿ ಒಬ್ಬರು ಒಳಗೆ ಬಂದದ್ದೇ ಅಕ್ಕೋರು ಎಲ್ಲವನ್ನೂ ಅಳಿಸಿಬಿಟ್ಟರು.

ಅಂದಿನಿಂದ ರವಿವಾರ ಅಂಗಡಿ ಮುಚ್ಚಿ ಕೆಲಗೇರಿಗೆ ಹೋಗತೊಡಗಿದೆ. ಅಡಿಗೆಗೆ ಬರುತ್ತಿದ್ದ ಮುದುಕಿಗೆ ಓದಲು ಬರುತ್ತಿರಲಿಲ್ಲ. ವಾರವಿಡೀ ಅಕ್ಕೋರು ಹೊಡೆದದ್ದನ್ನು ನೋಡುವವರೇ ಇಲ್ಲ. ಹೊಡೆದದ್ದನ್ನು ಓದಿ ಹೇಳುವ ದನಿಯೊಂದನ್ನು ಕಂಪ್ಯೂಟರಿಗೆ ಹಾಕಿಕೊಟ್ಟೆ. ಅಕ್ಕೋರು ಅದನ್ನು ಕೇಳಿ ಮುಖ ಸೊಟ್ಟ ಮಾಡಿ ಬರೆದರು: "ಇದು ಬೆಂಗಳೂರು ಬಾಯಿ. ನನ್ನ ದನಿ ಅಲ್ಲ." ಆದರೂ ಮುದುಕಿಯ ಸಲುವಾಗಿ ಇಟ್ಟುಕೊಂಡರು. 'ಬ್ಯಾಡ' ಎಂದು ಹೊಡೆದರೆ ಅದು ಏನೋ ಒದರುತ್ತಿತ್ತು. ಹಾಗಾಗಿ ಪುಸ್ತಕದ ಹಾಗೆ 'ಬೇಡ' ಎಂದೇ ಹೊಡೆಯಬೇಕು.

"ಈ ಪೆಟ್ಟಿಗ್ಯಾಗಿನ ಹೆಣ್ಣಮಗಳು ಭಾಳ ಸೊಕ್ಕಿನಾಕಿ ಅದಾಳರಿ" ಎಂದು ಮುದುಕಿ ನನ್ನ ಹತ್ತಿರ ದೂರಿದಳು. "ಯವ್ವಾ ಅನ್ನಂಗಿಲ್ಲ, ತಂಗಿ ಅನ್ನಂಗಿಲ್ಲ, 'ನೀರು ಬೇಕು' ಅಂತಾಳ ಅಷ್ಟ."

ಅಕ್ಕೋರು ನಕ್ಕರು. ಸಪ್ಪಳವಿಲ್ಲ, ಭುಜ ಮಾತ್ರ ಅಲುಗಿದವು.

ಮೊದಲು ಕೈಬಿಟ್ಟದ್ದು ಮೌಸು. ಯಾವ ಮೌಸಾದರೂ ಸಾಮಾನ್ಯವಾಗಿ ಎಡಗುಂಡಿಯಿಂದ ಸಾಯುತ್ತದೆ, ಅದರ ಕೆಳಗಿನ ತಗಡಿನ ಎಲೆ ಸವೆದು. ಅಕ್ಕೋರ ಮೌಸಿನ ಎಲೆ ಚೆನ್ನಾಗಿಯೇ ಇತ್ತು, ಸೋತದ್ದು ಬೆರಳು. ಹಗುರದ ಗುಂಡಿ ಹಾಕಿಕೊಟ್ಟೆ. ಕೆಲವು ದಿನ ನಡೆಯಿತು. ಆಮೇಲೆ ಕುತ್ತಿಗೆಗೆ ಪಟ್ಟಿ ಬಂತು. ತಲೆ ಅಲ್ಲಾಡಿಸಿ ಹೌದು, ಅಲ್ಲ ಎನ್ನುವುದೂ ನಿಂತಿತು. ಒಂದು ಕಾಲಕ್ಕೆ ಕೀಬೋರ್ಡುಗಳನ್ನು ಮುರಿಯುತ್ತಿದ್ದ ಕೈಗೆ ಈಗ ಕೀಯನ್ನು ತಳಕ್ಕೆ ಮುಟ್ಟಿಸುವುದೇ ಕಷ್ಟ.

ಅಂಥ ಒಂದು ರವಿವಾರ ಗಬ್ಬೂರಿನಿಂದ ಅವರ ತಮ್ಮ ಬಂದರು. ಹತ್ತಿಯ ದಲಾಲಿ ಮಾಡುವವರು, ದೊಡ್ಡ ದನಿ, ದೊಡ್ಡ ಮನಸ್ಸು. ನಿಂತೇ ಮಾತಾಡಿದರು.

"ಅಕ್ಕಾ, ಸಾಕಿನ್ನ. ನಮ್ಮ ಮನಿಗೆ ನಡಿ. ಕೆಳಗಿನ ಖೋಲಿ ಖಾಲಿ ಮಾಡಿಸೇನಿ, ನೋಡಿಕೊಳ್ಳಾಕ ಒಬ್ಬಾಕಿನ್ನ ಇಟ್ಟೇನಿ. ಏನಂತಿ?"

ಅಕ್ಕೋರ ಬೆರಳು ಕೀಗಳ ಮೇಲೆ ಸರಿಯಿತು. ನಾವಿಬ್ಬರೂ ತೆರೆ ನೋಡುತ್ತ ನಿಂತೆವು. 'ಬ' ಬಂತು. ಬಹಳ ಹೊತ್ತಿನ ಮೇಲೆ 'ರ' ಬಂತು. ಅಲ್ಲಿಗೆ ನಿಂತಿತು. ಅವರ ಎಡಗೈಯ ಕಿರುಬೆರಳು ಶಿಫ್ಟಿನ ಮೇಲೆ ನಡುಗುತ್ತಿತ್ತು, ಕೀ ಇಳಿಯುತ್ತಿರಲಿಲ್ಲ.

"ಬರ... ಬರತೇನಿ ಅನ್ನಾಕತ್ತಾಳ!" ತಮ್ಮನ ಕಣ್ಣಲ್ಲಿ ನೀರು ಬಂತು. "ಆತಕ್ಕಾ, ಆತು. ತ್ರಾಸ ತಗೋಬ್ಯಾಡ. ನಾಡಿದ್ದ ಗಾಡಿ ತರತೇನಿ." ಅಕ್ಕನ ಪಾದ ಮುಟ್ಟಿ ಹೊರಟುಬಿಟ್ಟರು.

ಅಕ್ಕೋರ ಬೆರಳು ಇನ್ನೂ ಶಿಫ್ಟಿನ ಮೇಲೆಯೇ ಇತ್ತು. ಆಗ ಹೊಳೆಯಿತು ನನಗೆ. 'ಬರತೇನಿ'ಯ ತಕಾರಕ್ಕೆ ಶಿಫ್ಟು ಬೇಕಿಲ್ಲ. 'ರ'ದ ಮುಂದಿನ ಸೊನ್ನೆಗೆ ಬೇಕು. ಶಿಫ್ಟನ್ನು ಒತ್ತಿಹಿಡಿದು ಇನ್ನೊಂದು ಕೈಯಿಂದ ಇನ್ನೊಂದು ಕೀ ಒತ್ತಿದರೇ ಸೊನ್ನೆ.

"ಬರಂಗಿಲ್ಲ ಅಂತೇನ್ರಿ ಅಕ್ಕೋರ?"

ಅವರು ಕಣ್ಣು ಮುಚ್ಚಿ ತೆರೆದರು.

"ನಾ ಹೋಗಿ ತಮ್ಮಾರಿಗೆ ಹೇಳಲೇನ್ರಿ?"

ಉತ್ತರಕ್ಕೆ ಮತ್ತೆ ಬಹಳ ಹೊತ್ತು ಹಿಡಿಯಿತು. "ನಾ" ಎಂದಷ್ಟೇ ಬಂತು. ನಾ ಹೇಳುತ್ತೇನೆ ಎಂದು. ಬೇರೆಯವರ ಬಾಯಿಂದ ಅದು ಹೋಗುವುದು ಅವರಿಗೆ ಬೇಡವಾಗಿತ್ತು.

ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ ಅಂಗಡಿಯ ಕಪಾಟಿನಲ್ಲಿದ್ದ ಒಂದು ಕೀಬೋರ್ಡು ನೆನಪಾಯಿತು. ಕಂಪ್ಯೂಟರ್ ಆಟದ ಹುಚ್ಚಿನವರಿಗೆಂದು ತರಿಸಿದ್ದು. ಅದರಲ್ಲಿ ರಬ್ಬರಿಲ್ಲ. ಪ್ರತಿ ಕೀಯ ಕಾಲಿನಲ್ಲೂ ಒಂದು ಪುಟ್ಟ ಅಯಸ್ಕಾಂತ. ಅದು ಎಷ್ಟು ಕೆಳಗಿಳಿಯಿತು ಎಂಬುದನ್ನು ತಳದ ಹಲಗೆಯಲ್ಲಿರುವ ಇನ್ನೊಂದು ತುಣುಕು ಅಳೆಯುತ್ತದೆ. ಒಂದನ್ನೊಂದು ಮುಟ್ಟುವುದೇ ಇಲ್ಲ. ಸವೆಯುವ ಮಾತೂ ಕಡಿಮೆ. ಎಷ್ಟು ಇಳಿದರೆ ಅಕ್ಷರ ಮೂಡಬೇಕು ಎನ್ನುವುದನ್ನು ನಾವೇ ಗೊತ್ತುಮಾಡಬಹುದು. ಆಟದವರು ವೇಗಕ್ಕಾಗಿ ಅದನ್ನು ಕೊಳ್ಳುತ್ತಾರೆ. ನಾನು ಮರುದಿನ ಒಳಗಿನ ಸ್ಪ್ರಿಂಗುಗಳನ್ನು ತೆಗೆದು, ನನ್ನಲ್ಲಿದ್ದ ಎಲ್ಲಕ್ಕಿಂತ ಹಗುರವಾದವನ್ನು ಹಾಕಿದೆ. ಕೀ ತುಸು ಕುಸಿದರೂ ಅಕ್ಷರ ಬರುವಂತೆ ಮಾಡಿದೆ. ಶಿಫ್ಟನ್ನು ಹಿಡಿದಿರಬೇಕಿಲ್ಲ, ಒಮ್ಮೆ ಮುಟ್ಟಿ ಬಿಟ್ಟರೆ ಸಾಕು ಎಂದು ಕಂಪ್ಯೂಟರಿಗೂ ಹೇಳಿಕೊಟ್ಟೆ.

ಸಂಜೆ ಕೆಲಗೇರಿಯಲ್ಲಿ ಅದನ್ನು ಜೋಡಿಸಿದಾಗ ಕೀಗಳ ಕೆಳಗೆ ಕೆಂಪು, ನೀಲಿ, ಹಸಿರು ದೀಪ ಓಡಾಡಿದವು. ಅಕ್ಕೋರು ಮೊದಲು ಬರೆದದ್ದು, "ದೀಪ ಆರಿಸು. ಲಗ್ನದ ಮನಿ ಆಗೇತಿ."

ಎಷ್ಟೋ ದಿನಗಳ ನಂತರ ಅವರು ಬರೆದ ಪೂರ್ತಿ ವಾಕ್ಯ ಅದು. ಸಂತೋಷ ತಡೆಯದೆ ನಾನು ಮಾತಾಡುತ್ತಲೇ ಹೋದೆ. "ಕೋಟಿ ಸಲ ಒತ್ತಿದ್ರೂ ಇದು ಕೆಡಂಗಿಲ್ಲ ಅಂತಾರರಿ ಅಕ್ಕೋರ!"

"ನಾ ಕೆಡತೇನಿ ಮೊದಲ" ಎಂದು ಬರೆದರು. ಆಮೇಲೆ ನನ್ನ ಮುಖ ನೋಡಿ, "ಛಲೋ ಐತಿ" ಎಂದು ಸೇರಿಸಿದರು.

ಮರುದಿನ ನಾನು ಅಲ್ಲಿದ್ದಾಗಲೇ ಅಕ್ಕೋರ ತಮ್ಮ ಗಾಡಿ ತಂದರು. ಜಮಖಾನೆ, ದಿಂಬು ಎಲ್ಲ ತಂದಿದ್ದರು. ಅಕ್ಕೋರು ಅವರನ್ನು ಕೂರಲು ಕಣ್ಣಲ್ಲೇ ಹೇಳಿ ಹೊಡೆಯತೊಡಗಿದರು. ಬರಂಗಿಲ್ಲ. ಸೊನ್ನೆ ಇತ್ತು, ಒತ್ತು ಇತ್ತು. ಕೆಳಗೆ ಇನ್ನೊಂದು ಸಾಲು: ಇಲ್ಲೇ ಇರತೇನಿ. ಸಿಟ್ಟಾಗಬ್ಯಾಡ ತಮ್ಮಾ.

ತಮ್ಮ ಅದನ್ನು ಮತ್ತೆ ಮತ್ತೆ ಓದಿದರು. "ನಾ ಏನ ಕಡಿಮಿ ಮಾಡೇನಕ್ಕಾ ನಿನಗ?" ಎಂದರು. ದೊಡ್ಡ ದನಿ ಇರಲಿಲ್ಲ. ಗಾಡಿ ಖಾಲಿಯಾಗಿ ಹೋಯಿತು.

ಅಕ್ಕೋರು ತಮ್ಮ ಮಾತನ್ನು ತಾವೇ ಹೇಳಿದರಲ್ಲ ಎಂದು ಆ ದಿನ ನನಗೆ ಹೆಮ್ಮೆಯಾಗಿತ್ತು. ಮಳೆಗಾಲ ಬಂದ ಮೇಲೆ ಆ ಹೆಮ್ಮೆ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಮುದುಕಿ ಹೊತ್ತು ಮುಳುಗುವ ಮೊದಲೇ ಹೋಗುತ್ತಿದ್ದಳು. ರಾತ್ರಿಗೆ ಗೊತ್ತುಮಾಡಿದ್ದ ನರ್ಸಮ್ಮ ತಡವಾಗಿ ಬರುತ್ತಿದ್ದಳು. ನಡುವೆ ಅವರು ಒಬ್ಬರೇ, ಕೆರೆಯ ಕಡೆಯ ಕಿಟಕಿಯ ಮುಂದೆ. ಒಂದು ರವಿವಾರ ಬರೆದರು, "ಸಂಜಿ ಭಾಳ ಉದ್ದ ಆಗಾಕತ್ತಾವ."

"ತಮ್ಮಾರ ಮನಿಗೆ ಹೋಗೂಣೇನ್ರಿ?" ಎಂದೆ, ಮೆಲ್ಲಗೆ.

"ಅಲ್ಲೂ ಸಂಜಿ ಇರತಾವ."

ಕೈ ಇನ್ನೂ ಸೋತಂತೆ ನಾನು ಕೀಗಳ ಆಳವನ್ನು ಇನ್ನೂ ಕಡಿಮೆ ಮಾಡುತ್ತ ಹೋದೆ. ಕೊನೆಗೆ ಬೆರಳನ್ನು ಇಟ್ಟರೆ ಸಾಕು, ಅಕ್ಷರ. ಅಕ್ಕೋರು ಒಂದೊಂದನ್ನೇ ಬಿಡತೊಡಗಿದರು. ಮೊದಲು ಚುಕ್ಕಿ, ಆಮೇಲೆ ದೀರ್ಘ. ಒಂದು ದಿನ 'ಕಣ್ಣು' ಎನ್ನಲು 'ಕಣು' ಎಂದು ಬರೆದರು. ಒತ್ತಿಗೆ ಇನ್ನೂ ಎರಡು ಕೀ ಮುಟ್ಟಬೇಕು, ಅದಕ್ಕೆ ಬಲವಿಲ್ಲ. ಬರೆದ ಮೇಲೆ ನನ್ನ ಕಡೆ ನೋಡಲಿಲ್ಲ. "ತಿಳೀತರಿ ಅಕ್ಕೋರ" ಎಂದು ಕಣ್ಣೀರು ಒರೆಸಿದೆ. ಅವರದು ಮೊದಲು, ಆಮೇಲೆ ನನ್ನದು.

ಕೊನೆಯ ಸಲ ಹೋದಾಗ ಸಂಜೆಯವರೆಗೂ ಅಕ್ಕೋರು ಏನೂ ಬರೆಯಲಿಲ್ಲ. ಹೊತ್ತು ಮುಳುಗಿತು, ಬಸ್ಸಿಗೆ ತಡವಾಗುತ್ತದೆಂದು ಎದ್ದು ಚೀಲ ತೆಗೆದುಕೊಂಡೆ. ಹಿಂದೆ ತೆರೆಯ ಮೇಲೆ ಅಕ್ಷರ ಮೂಡುತ್ತಿದ್ದವು. "ಕುದರ." ಕುಂದ್ರು ಎಂಬುದರಲ್ಲಿ ಅಷ್ಟು ಉಳಿದಿತ್ತು. ಯಾರನ್ನೂ ಇರು ಎನ್ನದವರು. ನಾನು ಕೂತೆ. ಬಸ್ಸು ಹೋದರೆ ಹೋಗಲಿ ಎಂದು ಅವರ ಸೊಟ್ಟ ಕಿರುಬೆರಳನ್ನು ಕೈಯಲ್ಲಿ ಹಿಡಿದುಕೊಂಡು, ನರ್ಸಮ್ಮ ಬರುವವರೆಗೆ ಕೂತಿದ್ದೆ.

ಆ ವಾರದಲ್ಲೇ ಹೋದರು. ಗಬ್ಬೂರಿನ ಅವರ ಮನೆತನದ ಹೊಲದಲ್ಲಿ ಮಣ್ಣು ಮಾಡಿದರು. ಮನೆ ಖಾಲಿ ಮಾಡಿದಾಗ ಕೀಬೋರ್ಡು ನನ್ನ ಅಂಗಡಿಗೆ ಬಂತು.

ಕೆಲವು ತಿಂಗಳ ಮೇಲೆ ಅವರ ತಮ್ಮ ಅಂಗಡಿಗೆ ಬಂದರು. ಕೊಳ್ಳುವುದೇನೂ ಇರಲಿಲ್ಲ. ಸುಮ್ಮನೆ ಕೂತು ಚಹಾ ಕುಡಿದು, ಕಡೆಗೆ ಕೇಳಿದರು.

"ತಂಗಿ, ನನ್ನ ಬಗ್ಗೆ ಏನರ ಹೇಳಿದ್ಲೇನವಾ ಅಕ್ಕ?"

ಅವರ ಬಗ್ಗೆ ಅಕ್ಕೋರು ಏನನ್ನೂ ಬರೆದಿರಲಿಲ್ಲ. ನಡೆದದ್ದನ್ನಷ್ಟೇ ಹೇಳಿದೆ. "ನಿಮ್ಮ ಗಾಡಿ ಹೊಳ್ಳಿ ಹೋದ ದಿನ, ಕುರ್ಚಿ ದಾರಿ ಕಡೆ ತಿರುಗಸು ಅಂದ್ರರಿ. ಗಾಡಿ ಕಾಣೂ ತನಕ ನೋಡಿದ್ರು. ಕಾಣದಂಗಾದ ಮ್ಯಾಲೂ ನೋಡಿದ್ರು."

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಆ ಕೀಬೋರ್ಡ್ ಇದೆಯೇ ಎಂದು ಕೇಳಿದರು. ತಂದು ಜೋಡಿಸಿದೆ. 'ಅಕ್ಕ' ಬರೆಯುವುದು ಹೇಗೆ ಎಂದರು, ಕೀಗಳನ್ನು ತೋರಿಸಿದೆ. ದಪ್ಪ ತೋರುಬೆರಳನ್ನು ಜೋಪಾನವಾಗಿ ಇಟ್ಟರು. ಅಕ್ಕೋರ ಕೈಗೆಂದು ಮಾಡಿದ್ದು ಹಾಗೆಯೇ ಇತ್ತು. ಆ ಬೆರಳಿನ ಭಾರಕ್ಕೆ ತೆರೆಯ ತುಂಬ 'ಅಕಕಕಕಕಕ' ಎಂದು ಓಡಿತು. ಅವರು ಗಾಬರಿಯಾಗಿ ಕೈ ಎತ್ತಿದರು.

"ನಿಮ್ಮ ಕೈಗೆ ಸರಿ ಮಾಡಿ ಕೊಡಲೇನ್ರಿ?"

"ಬ್ಯಾಡವಾ. ಹಂಗ ಇರಲಿ. ನಾನ ಹಗರ ಮುಟ್ಟೂದು ಕಲೀತೇನಿ." ಟೊಪ್ಪಿಗೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋಗಿ ತಿರುಗಿದರು. "ರವಿವಾರ ತೆರದಿರತೈತೇನು ಅಂಗಡಿ?"

"ಈಗ ತೆರದಿರತೈತರಿ" ಎಂದೆ.