ಸೌಟಿಗೂ ಒಂದು ಹೆಸರು

ಮದುವೆಮನೆಯ ಊಟದಲ್ಲಿ ನೀವು ಎಲೆಗೆ ಬಿದ್ದ ಪಾಯಸ ನೋಡುತ್ತೀರಿ. ನಾನು ಪಾಯಸದ ಬಕೆಟ್ಟಿನ ಕಂಠ ನೋಡುತ್ತೇನೆ. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಯಾರ ಹೆಸರು ಕೊರೆದಿದೆ ಎಂದು ಓದಿದ ಮೇಲೆಯೇ ನನಗೆ ತುತ್ತು ಇಳಿಯುವುದು. ಹೊಳಲ್ಕೆರೆಯಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನ ಹಣೆಬರಹ ಇದು. ಕೊಪ್ಪರಿಗೆಯಿಂದ ಸೌಟಿನವರೆಗೆ ಹೆಸರು ಕೊರೆಸದೆ ಯಾವುದನ್ನೂ ಅಂಗಡಿಯ ಹೊಸಿಲು ದಾಟಿಸಿದವನಲ್ಲ ನಾನು. ಹೆಸರಿಲ್ಲದ ಪಾತ್ರೆ ಯಾರದೋ ಅಟ್ಟ ಸೇರಿ ಅಲ್ಲೇ ಮುದುಕಿಯಾಗುತ್ತದೆ. ನಮ್ಮ ಚಿತ್ರದುರ್ಗದ ಸುತ್ತ ಬಂಡೆಗಳ ಮೇಲೆ ಶಾಸನ ಕೊರೆಸಿದ ಅರಸರಿಗೂ ಇದೇ ಭಯ ಇದ್ದಿರಬೇಕು. ನೀವೂ ಪಾತ್ರೆ ಕೊಡುವವರಾದರೆ ಕಂಠದ ಮೇಲೇ ಕೊರೆಸಿ. ತಳದಲ್ಲಿ ಕೊರೆಸಿದರೆ ಮಸಿ ತಿಂದುಬಿಡುತ್ತದೆ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಅಂಗಡಿಗೆ ವೆಬ್ ಪುಟ ಮಾಡಿಸಿದ ಕಥೆ ಕೇಳಿ. ಮಾಡಿದವಳು ನನ್ನ ಅಕ್ಕನ ಮಗಳು ಶೋಭಾ. ಚಿತ್ರದುರ್ಗದಲ್ಲಿ ಆಗಷ್ಟೇ ಆ ವಿದ್ಯೆ ಕಲಿಯುತ್ತಿದ್ದಳು. ನಮ್ಮದೇ ಅವಳ ಮೊದಲ ಪುಟ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಯಜಮಾನಿಕೆ ನಡೆಸಿದೆ. ಅಂಗಡಿಯ ಮುಂದೆ ಒಂದು ಗೇಣು ಗೋಡೆಯನ್ನೂ ಖಾಲಿ ಬಿಡದವನು, ಕಂಪ್ಯೂಟರಿನ ಪರದೆಯನ್ನು ಬಿಟ್ಟೇನೆ?

“ಇಲ್ಲಿ ಖಾಲಿ ಐತಲ್ಲೇ, ಒಂದು ಬಾಣಲೆ ಹಾಕು.”

“ಮಾವ, ಫೋನಲ್ಲಿ ನೋಡೋರಿಗೆ ಇಷ್ಟೆಲ್ಲ ಹಿಡಿಯಲ್ಲ.”

“ಖಾಲಿ ಬಿಟ್ರೆ ಸರಕೇ ಇಲ್ಲ ಅನ್ಕಂತಾರೆ. ತುಂಬು.”

ತುಂಬಿದಳು. ಮೂರು ಸಾಲು ಪಾತ್ರೆಗಳ ಚಿತ್ರ, ಅವುಗಳ ಕೆಳಗೆ ತೆಳು ಹಳದಿ ಅಕ್ಷರ, ಪಕ್ಕದಲ್ಲಿ ಮುಹೂರ್ತದ ದಿನಗಳು. ಖಾಲಿ ಇರುವ ದಿನ ಹಸಿರು, ಬೇರೆಯವರಿಗೆ ಒಪ್ಪಿಕೊಂಡ ದಿನ ಕೆಂಪು. ಕಂಪ್ಯೂಟರಿನಲ್ಲಿ ನೋಡಿದರೆ ದಸರಾ ಬೊಂಬೆ ಕೂರಿಸಿದ ಹಾಗಿತ್ತು.

ಆದರೆ ಆ ಪುಟವನ್ನು ದಿನವೂ ನೋಡಬೇಕಾದವಳು ನನ್ನ ಹೆಂಡತಿ ಗಿರಿಜ. ಮದುವೆಯಾಗಿ ಬಂದಾಗಿನಿಂದ ಆರ್ಡರ್ ಹಿಡಿಯುವ ಕುರ್ಚಿ ಅವಳದು. ಮಾತು ಕೊಡುವವಳು ಅವಳು, ಕೊಟ್ಟ ಮಾತಿಗೆ ಗಾಡಿ ಓಡಿಸುವವನು ನಾನು. ಅವಳ ಕಣ್ಣಿನ ನರ ಸೊರಗುತ್ತಿದೆ. ದುರ್ಗದ ಡಾಕ್ಟರು ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಆದಷ್ಟು ಕಾಲ ಕಾಪಾಡೋಣ ಎಂದರು. ನಾನು ಸುಮ್ಮನಿರದೆ, “ಪೂರ್ತಿ ಬ್ಯಾಡ್ರಿ ಡಾಕ್ಟ್ರೇ, ಅರ್ಧ ಆದ್ರೂ ವಾಪಸ್ ಬರೋ ಹಂಗೆ ನೋಡ್ರಿ” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಎದುರಿನವರು ಒಂದು ಮೆಟ್ಟಿಲೂ ಇಳಿಯದ ಚೌಕಾಸಿ ನನಗೆ ಅದೇ ಮೊದಲು.

ಪರದೆಯಲ್ಲಿರುವುದನ್ನು ಓದಿ ಹೇಳುವ ದನಿಯೊಂದು ಫೋನಿನಲ್ಲೇ ಇರುತ್ತದೆ. ಶೋಭಾ ಅದನ್ನು ಹಾಕಿಕೊಟ್ಟಿದ್ದಳು. ಗಿರಿಜ ನಮ್ಮ ಪುಟದ ಮೇಲೆ ಬೆರಳಾಡಿಸಿದರೆ ಆ ದನಿ “ಚಿತ್ರ, ಚಿತ್ರ, ಚಿತ್ರ” ಎನ್ನುತ್ತಿತ್ತಂತೆ. ದಿನಗಳ ಮೇಲಿಟ್ಟರೆ ಬರಿಯ ತಾರೀಖು ಹೇಳುತ್ತಿತ್ತಂತೆ. ಕೆಂಪೋ ಹಸಿರೋ ಅದು ಹೇಳದು, ಇವಳಿಗೆ ಕಾಣದು. ಕುರ್ಚಿ ಕೈತಪ್ಪೀತು ಎಂದು ಇವಳು ನನಗೆ ಬಾಯಿ ಬಿಡಲಿಲ್ಲ. ನೆನಪಿನ ಮೇಲೆ ನಡೆಸಿದಳು. ನೆನಪು ಒಂದು ದಿನ ಕೈಕೊಟ್ಟಿತು. ಒಂದೇ ಮುಹೂರ್ತ ಎರಡು ಮನೆಗೆ ಹೋಯಿತು.

ನಮ್ಮ ಪಾತ್ರೆಗಳು ಒಂದು ಮನೆಗೆ ಹೋದವು. ಹೊಸದುರ್ಗದ ಕಡೆಯ ಇನ್ನೊಂದು ಮನೆಗೆ ದುರ್ಗದ ಬೇರೆ ಅಂಗಡಿಯಿಂದ ತರಿಸಿ ಮರ್ಯಾದೆ ಉಳಿಸಿಕೊಂಡೆ. ಆ ಮನೆಯವರು ನಗುನಗುತ್ತಾ ಬಡಿಸಿದರು. ನಾನು ಸಾರಿನ ಬಕೆಟ್ಟಿನ ಮೇಲೆ ಪರರ ಹೆಸರು ಓದುತ್ತಾ ಅನ್ನ ಕಲಸಿದೆ, ಉಣ್ಣಲಾಗಲಿಲ್ಲ.

ಮನೆಗೆ ಬಂದಾಗ ಗಿರಿಜ ಕೇಳಿದ್ದು ಒಂದೇ ಮಾತು. “ಕಂಠದ ಮ್ಯಾಲೆ ಯಾರ ಹೆಸರಿತ್ರೀ?”

ಹೇಳಿದೆ. ಅವಳು ಫೋನನ್ನು ನನ್ನ ಮಡಿಲಲ್ಲಿಟ್ಟು, “ಇನ್ಮ್ಯಾಲೆ ನೀವೇ ನೋಡ್ಕಳ್ರಿ” ಎಂದು ಒಳಗೆ ಹೋದಳು. ಮುಸ್ಸಂಜೆ ಕಳೆದರೂ ಒಳಮನೆಯ ದೀಪ ಹಾಕಲಿಲ್ಲ.

ಸುದ್ದಿ ಕೇಳಿ ಭಾನುವಾರ ಶೋಭಾ ಬಸ್ಸಿಳಿದು ಬಂದಳು. ಚಿತ್ರದ ಹಿಂದೆ ಅದು ಏನೆಂದು ಬರೆದಿಡಬೇಕು, ಕಣ್ಣಿಗೆ ಕಾಣದ ಆ ಬರಹವನ್ನೇ ಫೋನು ಓದುವುದು, ತನಗೂ ಮೊನ್ನೆಯಷ್ಟೇ ಹೇಳಿಕೊಟ್ಟರು ಎಂದಳು. ಒಳಗಿನಿಂದ ಗಿರಿಜಳ ದನಿ ಬಂತು.

“ಸೌಟಿಗೂ ಹೆಸರು ಕೊರೆಸ್ತೀರಿ. ಫೋನಲ್ಲಿ ಊರಿಗೆಲ್ಲ ತೋರ್ಸೋವಾಗ ಒಂದಕ್ಕೂ ಹೆಸರಿಲ್ಲೇನು?”

ನಾನು ಇನ್ನೊಂದು ಕುರ್ಚಿ ಎಳೆದಿಟ್ಟೆ. ಅವಳು ಹೊರಗೆ ಬಂದು ಕೂತಳು. ಶೋಭಾ ಚಿತ್ರ ಯಾವುದೆಂದು ಹೇಳಿದಂತೆ ಗಿರಿಜ ಹೆಸರು ಹೇಳಿದಳು. “ಬರೀ ಕೊಪ್ಪರಿಗೆ ಅಂದ್ರೆ ಏನು ತಿಳೀತೈತೆ? ದೊಡ್ಡ ಕೊಪ್ಪರಿಗೆ, ಎರಡು ಹಿಡಿಕೆ, ಅನ್ನಕ್ಕೆ ಅಂತ ಬರಿಯವ್ವ.” ದಿನಗಳ ಪಕ್ಕದಲ್ಲಿ ‘ಖಾಲಿ’, ‘ಕೊಟ್ಟಾಗಿದೆ’ ಎಂದು ಅಕ್ಷರದಲ್ಲೇ ಬಂತು. ತೆಳು ಹಳದಿ ಹೋಗಿ ಕಪ್ಪು ಬಂತು. ಫೋನಿನಲ್ಲಿ ಮೂರು ಸಾಲು ಒಂದಾಗಿ ಕೆಳಗಿಳಿಯಿತು. ಅಂಗಳ ಅಗಲವಿದ್ದರೆ ಮೂರು ಸಾಲು ಕಂಬ, ಓಣಿಯಾದರೆ ಒಂದೇ ಸಾಲು. ಜೀವನವಿಡೀ ಶಾಮಿಯಾನ ಹೂಡಿದವನಿಗೆ ಇದು ಹೊಳೆಯಬೇಡವೆ? ನಿಮ್ಮ ಪುಟ ಮಾಡಿಸಿದರೆ ಒಮ್ಮೆ ಕಣ್ಣು ಮುಚ್ಚಿ ಫೋನಿನ ಬಾಯಲ್ಲಿ ಕೇಳಿ ನೋಡಿ. ಇದಕ್ಕೆ ನಾನು ಫೀಸು ಕೇಳುವುದಿಲ್ಲ.

ಕೊನೆಗೆ ಉಳಿದದ್ದು ಅಂಗಡಿಯ ಮುಂದೆ ನಾನು ನಿಂತ ಫೋಟೊ. ಗಿರಿಜಳ ಕಣ್ಣು ಚೆನ್ನಾಗಿದ್ದಾಗ ಅವಳೇ ತೆಗೆದದ್ದು.

“ಬಿಳಿ ಅಂಗಿ ಹಾಕ್ಕೊಂಡು, ಕೈ ಕಟ್ಕೊಂಡು ನಿಂತಾರೆ. ನಗ್ತಿಲ್ಲ,” ಎಂದಳು.

“ನಗ್ತಾ ಅವ್ರೆ ಅಂತ ಬರಿಯೇ ಶೋಭಾ.”

“ನಾನು ಕಂಡಿದ್ನ ಬರಿ. ನಗ್ತಿರ್ಲಿಲ್ಲ.”

“ಸ್ವಲ್ಪ?”

ಅವಳು ನನ್ನತ್ತ ಮುಖ ತಿರುಗಿಸಿದಳು. ಎಷ್ಟು ಕಂಡಿತೋ ಗೊತ್ತಿಲ್ಲ. “ನಗಾಣೋ ಬ್ಯಾಡ್ವೋ ಅಂತ ಯೋಚ್ನೆ ಮಾಡ್ತಾ ಅವ್ರೆ ಅಂತ ಬರಿ. ಇದಕ್ಕಿಂತ ಇಳಿಯಲ್ಲ ನಾನು.”

ಫೋನು ಈಗ ಅವಳ ಕೈಯಲ್ಲಿದೆ. ದಿನವೂ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಆ ಯಂತ್ರದ ದನಿ ನನ್ನನ್ನು ಅವಳಿಗೆ ಓದಿ ಹೇಳುತ್ತದೆ. ಕಣ್ಣಿನ ಹನಿಯ ಸೀಸೆಗಳು ಬದಲಾಗುತ್ತಲೇ ಇವೆ. ಮುಂದೊಂದು ದಿನ ಅವಳ ಪಾಲಿಗೆ ನಾನು ಆ ಒಂದು ಸಾಲು ಮಾತ್ರ. ಅದಕ್ಕೇ ಬಣ್ಣದ ಅಂಗಿಗಳನ್ನೆಲ್ಲ ಮಡಿಸಿಟ್ಟಿದ್ದೇನೆ. ಅಂಗಡಿಗೆ ಈಗ ಬಿಳಿಯದೇ.