ಕಾಲು ತೊಳೆದ ಗುರುವಾರ

ಪವಿತ್ರ ಗುರುವಾರ ನಮ್ಮ ಚರ್ಚಿನಲ್ಲಿ ಹನ್ನೆರಡು ಜನರನ್ನು ಸಾಲಾಗಿ ಕೂರಿಸಿ, ಅವರ ಕಾಲನ್ನು ಫಾದರ್ ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ನಡೆಯುವ ಪದ್ಧತಿ. ಅದರ ಮೇಲೆ ನಮ್ಮ ಎಸ್ಟೇಟ್ ಲೈನಿನವರದು, ಅಂದರೆ ಕೂಲಿಮನೆಗಳ ಸಾಲಿನವರದು, ಇನ್ನೊಂದು ಪದ್ಧತಿ ಇದೆ. ಆ ಹನ್ನೆರಡರಲ್ಲಿ ಹೆಸರು ಬಂದವರು ಮಧ್ಯಾಹ್ನವೇ ನೀರು ಕಾಯಿಸಿ, ಹಿಮ್ಮಡಿಯನ್ನು ಇಟ್ಟಿಗೆ ಚೂರಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿಕೊಂಡು ಹೊರಡುತ್ತಾರೆ. ಫಾದರ್ ಕೈಗೆ ಕೊಳೆ ತಾಗಿದರೆ ಲೈನಿನ ಮಾನ ಉಳಿದೀತೇ? ಹಾಗಾಗಿ ಪ್ರತಿ ವರ್ಷ ಅವರು ತೊಳೆಯುವುದು ತೊಳೆದ ಕಾಲನ್ನೇ. ಬೋಗುಣಿಯ ನೀರನ್ನು ಹಾಗೇ ಕುಡಿಯಬಹುದು ಎಂದು ನಾನು ತಮಾಷೆ ಮಾಡುತ್ತಿದ್ದೆ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

ನಾನು ಹೇಳುತ್ತಿರುವ ವರ್ಷ, ವನಗೂರಿನ ಮೇಲಿರುವ ಆ ಕಾಫಿ ಎಸ್ಟೇಟಿನಲ್ಲಿ ನನ್ನನ್ನು ಮೇಸ್ತ್ರಿ ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಲೈನಿನ ಹೆಣ್ಣೊಬ್ಬಳು ಮೇಸ್ತ್ರಿಯಾದದ್ದು ಅದೇ ಮೊದಲು. ಬೆಳಿಗ್ಗೆ ಸ್ಟೋರ್ ಮುಂದೆ ನಿಂತು ಯಾರಿಗೆ ಯಾವ ಗಿಡದ ಸಾಲು ಎಂದು ಹೇಳುವುದು ನನ್ನ ಕೆಲಸ. ಹೇಳುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ. ಅದರಲ್ಲೂ ನಾವೆಲ್ಲ ದೊಡ್ಡವ್ವ ಎಂದು ಕರೆಯುವ ಹಿರಿಯಳು ಇಳಿಜಾರಿನ ಸಾಲು ಕೊಟ್ಟ ತಕ್ಷಣ ಸಿಲ್ವರ್ ಮರದ ಬುಡದಲ್ಲಿ ಕೂತುಬಿಡುತ್ತಿದ್ದಳು.

“ನಿನ್ ಮೂಗು ಒರೆಸಿದ್ ಕೈ ಕಣೇ ಇದು. ನಂಗೇ ಸಾಲು ತೋರ್ಸಾಕ್ ಬಂದ್ಬುಟ್ಲು” ಎನ್ನುವಳು. ಅವಳು ಕೂತರೆ ಮಿಕ್ಕವರೂ ಕೂರುವರು. ನಾನು ಗಂಟಲು ಹರಿಯುವಂತೆ ಕೂಗಿದ್ದೇ ಬಂತು. ಕೊನೆಗೆ ಸಾಹುಕಾರರು ನನ್ನನ್ನು ಕರೆಸಿ, “ಸೋಮವಾರದವರೆಗೆ ನೋಡ್ತೀನಿ. ಹೆಂಗಸ್ರು ಮಾತು ಕೇಳ್ದಿದ್ರೆ ಹೊರಗಿಂದ ಬೇರೆಯವರನ್ನ ತರ್ಬೇಕಾಗ್ತದೆ” ಎಂದರು. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ, ಅಂದು ಮನೆಗೆ ಬಂದು ಅನ್ನ ಮುಟ್ಟಲಿಲ್ಲ.

ಅದೇ ವಾರ ಪವಿತ್ರ ಗುರುವಾರ ಬಂತು. ಚರ್ಚು ಗುಡಿಸಲೆಂದು ನಾನು ಬೇಗ ಹೋಗಿದ್ದೆ. ಸಂಜೆ ಲೈನಿನವರು ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ಆನೆ ನಿಂತಿದೆ ಎಂದು ಮೊಬೈಲಿಗೆ ಮೆಸೇಜ್ ಬಂದು, ಎಲ್ಲರೂ ಹಳ್ಳದ ದಾರಿ ಹಿಡಿದಿದ್ದರು. ಹನ್ನೆರಡು ಜನರಲ್ಲಿ ದೊಡ್ಡವ್ವನೂ ಒಬ್ಬಳು. ಎಣ್ಣೆ ಸವರಿಕೊಂಡು ಹೊರಟಿದ್ದ ಕಾಲು ಚರ್ಚು ಮುಟ್ಟುವಾಗ ಮೊಣಕಾಲಿನವರೆಗೆ ಕೆಸರಾಗಿತ್ತು. ಪೂಜೆ ಆಗಲೇ ಶುರುವಾಗಿತ್ತು, ತೊಳೆದುಕೊಳ್ಳಲು ಹೊತ್ತಿರಲಿಲ್ಲ.

ಫಾದರ್‌ಗೆ ಆ ವರ್ಷ ಮೊಣಕಾಲಿನ ಆಪರೇಷನ್ ಆಗಿತ್ತು. “ನನಗೆ ಬಗ್ಗಬೇಡಿ ಅಂದಿದ್ದಾರೆ ಡಾಕ್ಟರು. ನಾಲ್ಕು ಜನಕ್ಕೆ ಕೆಲಸ ಹೇಳುವವರು ಈ ಸಲ ತೊಳೆಯಲಿ” ಎಂದು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು. “ಬಾರಮ್ಮ, ಮೇಸ್ತ್ರಿ.”

ಬೋಗುಣಿ ಹಿಡಿದು ಒಬ್ಬೊಬ್ಬರದೇ ತೊಳೆಯುತ್ತಾ ದೊಡ್ಡವ್ವನ ಮುಂದೆ ಬಂದೆ. ಅವಳು ಕಾಲನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

“ಬ್ಯಾಡ ಕಣೇ. ನಾನೇ ಹೊರಗೆ ನಲ್ಲೀಲಿ ತೊಳ್ಕತೀನಿ” ಎಂದು ಏಳಹೊರಟಳು.

“ಕೂತ್ಕೊ ದೊಡ್ಡವ್ವ” ಎಂದೆ. ಕೂತಳು. ನಾನು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲಿರಬೇಕು.

ನೀರು ಒಂದೇ ಸಲಕ್ಕೆ ಕಪ್ಪಾಯಿತು. ಹೊರಗೆ ಚೆಲ್ಲಿ ಬೇರೆ ನೀರು ತಂದೆ. ಕೆಸರು ಬಿಟ್ಟ ಮೇಲೆ ಎಡ ಹಿಮ್ಮಡಿಯಲ್ಲಿ ಒಂದು ಊತ ಕಂಡಿತು. ನಡುವೆ ಮುಳ್ಳಿನ ಕಪ್ಪು ತುದಿ, ಸುತ್ತ ಕೀವು. ನನ್ನ ಹೆಬ್ಬೆರಳು ತಾಗಿದ್ದೇ ಅವಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಳು.

“ಯಾವಾಗಿಂದ ಐತೆ ಇದು?” ಎಂದು ಮೆಲ್ಲಗೆ ಕೇಳಿದೆ.

“ಮೆಣಸು ಕುಯ್ಲು ಟೈಮಿಂದ.”

“ಹೇಳ್ಬಾರ್ದಿತ್ತಾ?”

“ಯಾರ್ಗೆ, ನಿಂಗಾ? ಕುಂಟಿ ಅಂತ ಮನೇಲಿ ಕೂರ್ಸಿಬುಟ್ಟಿದ್ರೆ?”

ಕುಂಟಿ ಅನ್ನಿಸಿಕೊಳ್ಳುವುದಕ್ಕಿಂತ ಜಗಳಗಂಟಿ ಅನ್ನಿಸಿಕೊಳ್ಳುವುದೇ ಅವಳಿಗೆ ಮೇಲಾಗಿ ಕಂಡಿತ್ತು. ಇಳಿಜಾರಿನಲ್ಲಿ ಅವಳು ಕೂತದ್ದು ನನ್ನ ಮೇಲಿನ ಹಟಕ್ಕಲ್ಲ, ನೋವಿಗೆ. ಸ್ವಾಮಿ ಶಿಷ್ಯರ ಕಾಲು ತೊಳೆದದ್ದು ವಿನಯ ಕಲಿಸಲು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಇರಬಹುದು. ಆದರೆ ಮುಂದೆ ನಿಂತವರಿಗೆ ಕೆಳಗೆ ಕೂತಾಗಷ್ಟೇ ಕಾಣುವ ಸಂಗತಿಗಳೂ ಇವೆ ಎಂದು ನನಗೆ ಅವತ್ತು ಗೊತ್ತಾಯಿತು. ಒಬ್ಬ ಒಳ್ಳೆಯ ಮನುಷ್ಯನ ಕೆಟ್ಟ ಮೊಣಕಾಲಿಗಾಗಿ ದೇವರಿಗೆ ವಂದನೆ ಹೇಳಬಾರದು, ಆದರೂ ನಾನು ಇವತ್ತಿಗೂ ಹೇಳುತ್ತೇನೆ.

ಶನಿವಾರ ದೊಡ್ಡವ್ವನನ್ನು ಆಸ್ಪತ್ರೆಗೆ ಕರೆದೊಯ್ಯಲು ಸಾಹುಕಾರರ ಹತ್ತಿರ ಜೀಪು ಕೇಳಿದೆ.

“ನಿನ್ ಮಾತು ಕೇಳ್ದೇ ಇರೋಳಿಗೆ ಜೀಪಾ?”

“ಹೂಂ ಸಾವ್ಕಾರ್ರೇ, ಅವಳಿಗೇ.”

ಅವರು ನಕ್ಕು ಡ್ರೈವರಿಗೆ ಕೀ ಕೊಡಿಸಿದರು. ಅದಕ್ಕೂ ನಾನು ಋಣಿ. ಸಕಲೇಶಪುರದಲ್ಲಿ ಡಾಕ್ಟರು ಕೊಯ್ದು ಮುಳ್ಳು ತೆಗೆದು, ನಡೆಯಬಹುದು, ಏರು ಮಾತ್ರ ಹತ್ತಬೇಡಿ ಎಂದರು. ದೊಡ್ಡವ್ವ ಡಾಕ್ಟರಿಗೂ ಬೈದಳು, ಡ್ರೈವರಿಗೂ ಬೈದಳು. ಬರುವಾಗ ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದಳು. ಅವಳ ಬಾಯಿಂದ ಉಪಕಾರದ ಮಾತು ಬರಲಿಲ್ಲ, ನಾನೂ ಕಾಯಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಟೋರ್ ಮುಂದೆ ಎಲ್ಲರೂ ನಿಂತಿದ್ದರು. ಸಾಹುಕಾರರೂ ಜಗಲಿಗೆ ಬಂದಿದ್ದರು. ನಾನು ಕೂಗಲಿಲ್ಲ. ರಸ್ತೆ ಬದಿಯ ಸಮತಟ್ಟಿನ ಸಾಲು ದೊಡ್ಡವ್ವನಿಗೆ, ಇಳಿಜಾರಿನ ತುದಿಯ ಸಾಲು ನನಗೆ ಎಂದು ಹೇಳಿ, ಮಿಕ್ಕವರಿಗೂ ಹಂಚಿದೆ. ಒಬ್ಬರೂ ಅಲುಗಾಡಲಿಲ್ಲ. ಎಲ್ಲರ ಕಣ್ಣೂ ದೊಡ್ಡವ್ವನ ಮೇಲಿತ್ತು.

ಬ್ಯಾಂಡೇಜಿನ ಕಾಲನ್ನು ಗಂಡನ ಚಪ್ಪಲಿಗೆ ತೂರಿಸಿಕೊಂಡು ಬಂದಿದ್ದ ಅವಳು ತಲೆಗೆ ಬಟ್ಟೆ ಬಿಗಿದಳು.

“ಬಾಯ್ ಬಿಟ್ಕಂಡು ಏನ್ ನೋಡ್ತೀರಿ? ಮೇಸ್ತ್ರಿ ಹೇಳಿದ್ದು ಕೇಳುಸ್ಲಿಲ್ವಾ?”

ಮೇಸ್ತ್ರಿ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಮುಂಚೆ ಏರು ಹತ್ತಿದೆ. ಹಿಂದೆ ಹೆಂಗಸರ ಕಾಲ ಸಪ್ಪಳ ಕೇಳಿಸುತ್ತಿತ್ತು.